ಕೆಲಸವಿಲ್ಲದ ಮುಮ್ತಾಜಮ್ಮನ ಕೆಮ್ಮು

ನಮ್ಮ ರಾಮನಗರದಲ್ಲಿ ಮೊನ್ನೆ ಒಂದು ಕಂಪ್ಯೂಟರ್ ಜೋಡಿ ಹುಡುಕಿತು. ಮದುವೆಗಲ್ಲ, ಕೆಮ್ಮಿಗೆ!

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳೆಂದು ನಿಮಗೆ ಗೊತ್ತೇ ಇದೆ. (ಪುಟ ತಿರುಗಿಸಬೇಡಿ, ಒಂದು ಲೆಕ್ಕವನ್ನೂ ಮಾಡಿಸುವುದಿಲ್ಲ.) ನನ್ನ ಹಳೆಯ ವಿದ್ಯಾರ್ಥಿನಿ ರುಬೀನಾ ಈಗ ಪಬ್ಲಿಕ್ ಹೆಲ್ತ್‌ನಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಅವರದು ರೀಲಿಂಗ್ ಮನೆ. ಹಿತ್ತಲಿನ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ. ಆ ಹಬೆ, ಆ ಹುಳದ ವಾಸನೆ ನಮ್ಮೂರಿನವರಿಗೆ ವಿವರಿಸಬೇಕೇ? ಅವಳ ಅಮ್ಮ ಮುಮ್ತಾಜ್ ವರ್ಷಗಳಿಂದ ಕೆಮ್ಮುತ್ತಿದ್ದಾರೆ. ಡಾಕ್ಟರು ಸಿರಪ್ ಕೊಡುತ್ತಾರೆ, ಇವರು ಕುಡಿಯುತ್ತಾರೆ, ಮತ್ತೆ ಕೆಮ್ಮುತ್ತಾರೆ.

ಹುಡುಗಿ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡಳು. ರೀಲಿಂಗ್ ಕೆಲಸ ಮಾಡುವ ಹೆಂಗಸರಿಗೆ ಉಳಿದವರಿಗಿಂತ ಕೆಮ್ಮು ಹೆಚ್ಚೇ?

ಸುಲಭ ಅನ್ನಿಸುತ್ತದೆ, ಅಲ್ಲವೇ? ಆದರೆ ರೀಲಿಂಗ್ ಮಾಡುವವಳಿಗೆ ಐವತ್ತು ವರ್ಷ, ಮನೆಯಲ್ಲಿ ಸೌದೆ ಒಲೆ. ಮಾಡದವಳಿಗೆ ಇಪ್ಪತ್ತೈದು, ಗ್ಯಾಸ್ ಒಲೆ. ಕೆಮ್ಮು ವಯಸ್ಸಿನದೋ, ಒಲೆಯದೋ, ಕೆಲಸದ್ದೋ? ಅದಕ್ಕೇ ಸಾಫ್ಟ್‌ವೇರ್ ಬೇಕು. ಕೆಲಸ ಮಾಡುವ ಪ್ರತಿಯೊಬ್ಬಳಿಗೂ ಅದೇ ವಯಸ್ಸಿನ, ಅದೇ ಥರದ ಒಲೆಯ, ಅಂಥದೇ ಬೀದಿಯ, ಆದರೆ ಆ ಕೆಲಸ ಮಾಡದ ಒಬ್ಬಳನ್ನು ಅದು ಹುಡುಕಿ ಪಕ್ಕಕ್ಕೆ ಕೂರಿಸುತ್ತದೆ. ನಮ್ಮ ಜಾತಕ ನೋಡುವವರಿಗಿಂತ ಶ್ರದ್ಧೆ ಜಾಸ್ತಿ.

ರುಬೀನಾ ಮತ್ತು ಅವಳ ಗೆಳತಿಯರು ರಾಮನಗರ, ಚನ್ನಪಟ್ಟಣ, ಕನಕಪುರದ ಬೀದಿ ಬೀದಿ ಸುತ್ತಿ ಮಾತಾಡಿಸಿದರು. (ಸ್ವಂತ ಮನೆಯವರನ್ನು ತಾವೇ ಕೇಳುವಂತಿಲ್ಲ. ಅವಳಮ್ಮನನ್ನು ಗೆಳತಿ ಕೇಳಿದಳು.) ಸಾಫ್ಟ್‌ವೇರ್ ಜೋಡಿ ಕೂಡಿಸಿತು. ಉತ್ತರ ಬಂತು: ಎರಡೂ ಗುಂಪಿಗೆ ಕೆಮ್ಮಿನಲ್ಲಿ ವ್ಯತ್ಯಾಸವೇ ಇಲ್ಲ!

ರುಬೀನಾ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು. ನಾನು ನೋಡಿದೆ. ಜೋಡಿಗಳು ಅಚ್ಚುಕಟ್ಟಾಗಿದ್ದವು. "ಚೆನ್ನಾಗಿ ಮ್ಯಾಚ್ ಆಗಿದೆ, ಬರೆದು ಮುಗಿಸು" ಎಂದೆ.

"ಮಿಸ್, ನಾನು ಆ ಕೆಮ್ಮು ಕೇಳ್ಕೊಂಡೇ ಬೆಳೆದಿರೋದು. ಹೆಂಗೆ ಮಿಸ್ ವ್ಯತ್ಯಾಸ ಇಲ್ಲ ಅಂತ ಬರೀಲಿ?"

ಒಂದೊಂದೇ ಜೋಡಿ ತೆಗೆದು ನೋಡತೊಡಗಿದಳು. ನಾನು ಕಾಫಿ ತಂದಿಡುವ ಹೊತ್ತಿಗೆ ಅವಳ ಮುಖ ಬದಲಾಗಿತ್ತು. ಪರದೆಯ ಮೇಲೆ ಒಂದು ಜೋಡಿ. ಒಂದೇ ವಯಸ್ಸು, ಒಂದೇ ಬೀದಿ, ಇಬ್ಬರಿಗೂ ಗ್ಯಾಸ್ ಒಲೆ, ಇಬ್ಬರಿಗೂ ಕೆಮ್ಮು. ಒಬ್ಬಳು ರೀಲಿಂಗ್ ಕೆಲಸದವಳು, ಇನ್ನೊಬ್ಬಳಿಗೆ ಕೆಲಸವಿಲ್ಲ.

"ಮಿಸ್, ಇದು ನಮ್ಮ ಪುಟ್ಟಲಕ್ಷ್ಮಕ್ಕ. ಇದು ನಮ್ಮ ಅಮ್ಮಿ."

ನಾವಿಬ್ಬರೂ ಆಗಲೇ ಅವರ ಹಿತ್ತಲಿಗೆ ಹೋದೆವು. ಕುದಿಯುವ ನೀರಿನ ಒಂದು ಬದಿಗೆ ಕೂಲಿಗೆ ಬರುವ ಪುಟ್ಟಲಕ್ಷ್ಮಿ, ಎದುರು ಬದಿಗೆ ಮುಮ್ತಾಜ್. ನಾಲ್ಕೂ ಕೈ ಒಂದೇ ನೀರಿನಲ್ಲಿ. ಎಂಥ ಜೋಡಿ ಅಂತೀರಿ! ಕಂಪ್ಯೂಟರ್ ಎಳ್ಳಷ್ಟೂ ತಪ್ಪು ಮಾಡಿರಲಿಲ್ಲ.

"ಅಮ್ಮಿ, ಕೆಲಸ ಇಲ್ಲ ಅಂತ ಯಾಕೆ ಹೇಳ್ದೆ?"

"ಇಲ್ಲ ತಾನೇ? ಕೆಲಸಕ್ಕೆ ಬರೋದು ಇವಳು. ನಾನು ಮನೇಲೇ ಇರ್ತೀನಲ್ಲ" ಎಂದರು ಮುಮ್ತಾಜ್, ನೀರಿನಿಂದ ಕೈ ತೆಗೆಯದೆ.

ಪುಟ್ಟಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ನಾನು ಬರೋದ್ರೊಳಗೆ ನೀರು ಕಾಯಿಸ್ಬುಟ್ಟಿರ್ತೀಯ ಕಣಕ್ಕ! ಕೂಲಿ ನಂಗೊಬ್ಳಿಗೇ ಐತೆ ಅಷ್ಟೆಯ."

ಗೂಡು ಬೇಯಿಸುವ ಮನೆಗಳಲ್ಲಿ 'ಕೆಲಸ' ಎಂದರೆ ಹೊರಗೆ ಹೋಗುವುದು, ಕೂಲಿ ತರುವುದು. ಯಜಮಾನನ ಹೆಂಡತಿ ದಿನವಿಡೀ ಮಾಡುವುದಕ್ಕೆ ಆ ಹೆಸರಿಲ್ಲ. ಅಂಥ ಹೆಂಗಸರೆಲ್ಲ 'ಮನೇಲೇ' ಎಂದಿದ್ದರು. ಹಬೆ ಕುಡಿದವರೇ ಹಬೆ ಕಾಣದವರ ಗುಂಪಿನಲ್ಲಿ ಕೂತಿದ್ದರು. ವ್ಯತ್ಯಾಸ ಎಲ್ಲಿಂದ ಬರಬೇಕು? ಆ ವರದಿ ಹಾಗೇ ಹೋಗಿದ್ದರೆ, ಈ ಹಬೆ ಯಾರಿಗೂ ಏನೂ ಮಾಡುವುದಿಲ್ಲ ಎಂದು ಮುಮ್ತಾಜರ ಮಗಳೇ ಸಹಿ ಹಾಕಿಕೊಟ್ಟಂತಾಗುತ್ತಿತ್ತು.

ಸಲ್ಲಿಸುವ ದಿನ ಹತ್ತಿರವಿತ್ತು. ಅವಳ ಗೈಡ್ ಒಳ್ಳೆಯವರೇ, ಆದರೆ ಅವಸರದವರು. "ಲಿಮಿಟೇಶನ್ ಅಂತ ಕೊನೆಗೆ ಒಂದು ಸಾಲು ಸೇರಿಸಿಬಿಡಮ್ಮ" ಎಂದರಂತೆ. (ನಮ್ಮ ಅಧ್ಯಯನದ ಕೊರತೆ ಇದು ಎಂದು ಒಪ್ಪಿಕೊಂಡು ಕೈತೊಳೆದುಕೊಳ್ಳುವ ಸಾಲು. ಯಾರೂ ಓದುವುದಿಲ್ಲ.)

ರುಬೀನಾ ಹೇಳಿದಳಂತೆ: "ನಮ್ಮ ಅಮ್ಮಿ ಲಿಮಿಟೇಶನ್ ಅಲ್ಲ, ಸರ್."

ಇದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು. ಇಂಥ ಹುಡುಗಿಗೆ ಪಾಠ ಮಾಡಿದೆನಲ್ಲ ಎಂದು ಆ ದಿನವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದೆ. ಸ್ಟಾಫ್ ರೂಮಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಎರಡೆರಡು ಸಲ ಕೇಳಿಸಿಕೊಂಡವರೂ ಇದ್ದಾರೆ.

ಗೈಡ್ ಒಪ್ಪಿ ಸಮಯ ಕೊಡಿಸಿದರು. ಹುಡುಗಿಯರು ಮತ್ತೆ ಅದೇ ಬಾಗಿಲುಗಳನ್ನು ತಟ್ಟಿದರು. ಈ ಸಲ 'ಏನು ಕೆಲಸ ಮಾಡ್ತೀರಿ?' ಎಂದು ಕೇಳಲಿಲ್ಲ. 'ಬೆಳಗ್ಗೆ ಎದ್ದ ಮೇಲೆ ಏನೇನು ಮಾಡ್ತೀರಿ?' ಎಂದು ಕೇಳಿದರು. ಅಬ್ಬಾ, ಎಷ್ಟು ಮಾತು ಹೊರಬಂತಂತೆ! ಅದೇ ಸಾಫ್ಟ್‌ವೇರ್ ಹೊಸದಾಗಿ ಜೋಡಿ ಕೂಡಿಸಿತು. ಈಗ ವ್ಯತ್ಯಾಸ ಎದ್ದು ಕಂಡಿತು.

ಕಳೆದ ವಾರ ಮುಮ್ತಾಜರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ರುಬೀನಾ ನನ್ನನ್ನೂ ಕರೆದಳು. ಡಾಕ್ಟರು ಮಾಮೂಲಿನಂತೆ ಸಿರಪ್ಪಿನ ಹೆಸರು ಬರೆಯಲು ಪೆನ್ ಎತ್ತಿದರು.

"ಡಾಕ್ಟ್ರೇ, ನಾನು ರೀಲಿಂಗ್ ಕೆಲಸ ಮಾಡ್ತೀನಿ" ಎಂದರು ಮುಮ್ತಾಜ್. ಕೊಂಚ ಜೋರಾಗಿಯೇ.

ಡಾಕ್ಟರು ಪೆನ್ ಕೆಳಗಿಟ್ಟು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಂಡರು. "ಎಷ್ಟು ವರ್ಷದಿಂದಮ್ಮ? ಮೊದಲೇ ಯಾಕೆ ಹೇಳಲಿಲ್ಲ?"

ಯಾಕೆ ಹೇಳಲಿಲ್ಲ? ಅದನ್ನು ಕೆಲಸ ಎಂದು ನಾವು ಯಾವತ್ತು ಕರೆದಿದ್ದೆವು, ಹೇಳಿ?