ಹುಚ್ಚಪ್ಪ ಕದಿಯದ ಎಣ್ಣೆ

ಶಾರದಾ, ನಿನ್ನಜ್ಜ ಹುಚ್ಚಪ್ಪ ಕಳ್ಳನಲ್ಲ. ಅವನನ್ನು ಕಳ್ಳನನ್ನಾಗಿ ಮಾಡಿದವನು ನಾನು — ಮೊನ್ನೆ ನಿನ್ನನ್ನು ನನ್ನ ಮೊಮ್ಮಗನಿಗೆ ಗೊತ್ತುಮಾಡಿಕೊಂಡು, ಸಂತೋಷ ತಡೆಯಲಾರದೆ ದಾರಿಯಲ್ಲಿ ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದ ಇದೇ ಮುದುಕ.

ಆಗ ಶಿಕಾರಿಪುರದ ಗೌಡರ ಮನೆಯಲ್ಲಿ ಅವನು ಎತ್ತಿನ ಗಾಡಿ ಹೊಡೆಯುತ್ತಿದ್ದ. ನಾನು ಅವರ ವಿಲಾಯತಿ ಮೋಟಾರ್ ಸೈಕಲ್ಲು ನೋಡಿಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಸೊರಬದ ದಾರಿ ಕೆಸರು. ಮೋಟಾರ್ ಸೈಕಲ್ಲು ಕೊಟ್ಟಿಗೆಯಲ್ಲಿ ನಿಂತಿತು, ಗೌಡರು ಗಾಡಿ ಹತ್ತಿದರು. ನನ್ನ ಪಾಲಿಗೆ ಸಗಣಿ ಬಾಚುವ ಕೆಲಸ ಬಂತು. ಹೊಟ್ಟೆ ಉರಿಯಿತು — ಅಷ್ಟೇ, ಬೇರೆ ಕಾರಣವಿಲ್ಲ.

ಮಳೆ ಬಿಟ್ಟ ಮೇಲೆ ಗೌಡರು ಎಂಜಿನ್ ಎಣ್ಣೆಯ ಟ್ಯಾಂಕಿನ ಮುಚ್ಚಳ ತೆಗೆದರು. ಒಣಗಿತ್ತು.

"ಎಣ್ಣಿ ಎಲ್ಲಿ ಹೋತಲೇ?"

ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ನಿಲ್ಲಿಸಿದರೆ ಮೇಲಿನ ಟ್ಯಾಂಕಿನ ಎಣ್ಣೆ ಸೋರಿ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಹಿಂದಿನ ವರ್ಷವೂ ಹಾಗೇ ಆಗಿ, ಯಾರಿಗೂ ಹೇಳದೆ ನಾನೇ ತೆಗೆದು ತುಂಬಿದ್ದೆ. ತಳದ ಬೋಲ್ಟು ಬಿಚ್ಚಿದ್ದರೆ ಸಾಕಿತ್ತು. ಬಿಚ್ಚಲಿಲ್ಲ — ಬೆರಳು ಮಾಡಿ ತೋರಿಸಿದೆ.

"ಎತ್ತಿನ ಗಾಡಿ ಅಚ್ಚು ನೋಡ್ರೀ ಗೌಡ್ರೇ, ಹೆಂಗ ಮಿಂಚತೈತಿ."

"ಹರಳೆಣ್ಣೆ ಅದು ಗೌಡ್ರೇ," ಎಂದ ಹುಚ್ಚಪ್ಪ, "ಬೇಕಾರೆ ಮೂಸಿ ನೋಡಿ."

ಗೌಡರು ನನಗೇ ಮೂಸಲು ಹೇಳಿದರು. ಬೆರಳಿಗೆ ಹಚ್ಚಿ ಮೂಗಿಗೆ ಹಿಡಿದೆ. ಹರಳೆಣ್ಣೆಯೇ.

"ಮೋಟಾರ್ ಎಣ್ಣಿ ರೀ," ಎಂದೆ.

ಆಮೇಲಿನದು — ಬರೆಯಲೇಬೇಕು. ಅಚ್ಚಿನ ಕರಿಯನ್ನು ಅವನ ಮುಖಕ್ಕೆ ಬಳಿ ಎಂದರು, ಬಳಿದೆ. ಕಣ್ಣೊಳಗೂ ಬಳಿದೆ, ಅದನ್ನು ಯಾರೂ ಹೇಳಿರಲಿಲ್ಲ. ಪೇಟೆಯ ತುಂಬ ನಡೆಸಿದರು. ಹುಡುಗರು "ಎಣ್ಣೆಗಳ್ಳ" ಎಂದು ಕೂಗಿದಾಗ ನಾನೂ ನಕ್ಕೆ. ಸಂಜೆಗೆ ಹುಚ್ಚಪ್ಪ ಹೆಂಡತಿಯನ್ನು ಕರೆದುಕೊಂಡು ಸೊರಬದ ಕಡೆ ನಡೆದುಹೋದ. ಅವನು ಮರೆಯಾದ ಮೇಲೆ ಬೋಲ್ಟು ಬಿಚ್ಚಿದೆ — ಎಣ್ಣೆ ಬುಳಬುಳನೆ ಬೋಗುಣಿಗೆ ಇಳಿಯಿತು. ಅದನ್ನೇ ಟ್ಯಾಂಕಿಗೆ ಸುರಿದು ಹೊಸದು ತಂದೆನೆಂದೆ. ಗೌಡರು ಬೆನ್ನು ತಟ್ಟಿದರು.

ನಿಶ್ಚಿತಾರ್ಥದ ದಿನ ನನ್ನ ತಂಗಿ, "ಎಣ್ಣೆಗಳ್ಳನ ಮೊಮ್ಮಗಳಂತೆ, ಡಬ್ಬಿಗೆ ಬೀಗ ಹಾಕ್ರೇ" ಎಂದಳು. ಹೆಂಗಸರು ನಕ್ಕರು. ನೀನು ತಲೆ ತಗ್ಗಿಸಿದೆ. ನೀನು ನಮ್ಮ ಮನೆಗೆ ಬರುತ್ತೀ ಎಂದು ಎದೆ ಉಕ್ಕುತ್ತಿತ್ತು, ಬಾಯಲ್ಲಿ ಪಾಯಸವಿತ್ತು — ನುಂಗಿದೆ. ಮಾತಾಡಲಿಲ್ಲ. ನಿನ್ನಜ್ಜನನ್ನು ನಾನು ಕಳ್ಳನನ್ನಾಗಿ ಮಾಡಿದ್ದು ಅದು ಎರಡನೇ ಸಲ.

ನಾಳೆ ತಂಗಿಯನ್ನೂ ಕರೆದುಕೊಂಡು ಸೊರಬಕ್ಕೆ ಬರುತ್ತೇನೆ. ಒಳಗೆ ಕೂರುವುದಿಲ್ಲ; ನಿಮ್ಮ ಬೀದಿಯಲ್ಲಿ ನಿಂತು, ನಿಮ್ಮಪ್ಪನ ಎದುರು, ನೆರೆಹೊರೆಯವರ ಎದುರು ಇಷ್ಟನ್ನೂ ಹೇಳುತ್ತೇನೆ. ನೀನು ಮದುವೆ ಬೇಡವೆಂದರೆ, ಯಾಕೆಂದು ಮೊಮ್ಮಗನಿಗೂ ನಾನೇ ಹೇಳುತ್ತೇನೆ.