ಕಲೆ ಹತ್ತದ ಅಂಗಿ

ಓಣಿಯಲ್ಲಿ ಅವನನ್ನು ನ್ಯಾನೋರಾಯ ಎಂದೇ ಕರೆಯುತ್ತಿದ್ದರು. ಫಿಲ್ಟರ್ ಮಾರುವಾಗ ನೀರಿನ ವಿಷಯದಲ್ಲಿ, ಆಮೇಲೆ ಹಾಸಿಗೆ ಮಾರುವಾಗ ಬೆನ್ನುಮೂಳೆಯ ವಿಷಯದಲ್ಲಿ ಅವನನ್ನು ಮೀರಿಸುವ ಪಂಡಿತರಿರಲಿಲ್ಲ. ಈಗ ಬಟ್ಟೆಗೆ ಕಲೆ ಹತ್ತದಂತೆ ಸಿಂಪಡಿಸುವ ನ್ಯಾನೋ ದ್ರಾವಣದ ಏಜೆನ್ಸಿ ಹಿಡಿದಿದ್ದ. "ಒಂದು ಕೂದಲನ್ನ ಲಕ್ಷ ಸೀಳು ಮಾಡಿ. ಅದರಲ್ಲಿ ಒಂದು ಸೀಳು, ನ್ಯಾನೋ ಅಂದ್ರೆ ಅಷ್ಟು ಸಣ್ಣದು!" ಎನ್ನುತ್ತ, ತಲೆ ಬೋಳಾದ್ದರಿಂದ ಮೀಸೆಯಿಂದ ಒಂದೆಳೆ ಕಿತ್ತು ತೋರಿಸುತ್ತಿದ್ದ. ಮೀಸೆ ತೆಳುವಾಯಿತೇ ಹೊರತು ವ್ಯಾಪಾರ ಕುದುರಲಿಲ್ಲ. ಮಂಚದ ಕೆಳಗೆ ಪೊರಕೆ ಹೋಗದಷ್ಟು ಬಾಟಲಿ ತುಂಬಿದವು.

ಕೊನೆಗೆ ಹೆಂಡತಿ ಹೇಳಿಬಿಟ್ಟಳು: "ತನ್ನ ಸೋಫಾ ಅಂಗಡಿಗೆ ಬೇಕಾ ಅಂತ ನಮ್ಮಣ್ಣನ್ನ ಕೇಳಿ. ಅವನೂ ಬೇಡ ಅಂದ್ರೆ ಇವೆಲ್ಲ ಗುಜರಿಗೆ, ನೀವು ಅವನ ಗೋದಾಮು ಕಾಯೋಕೆ."

ಗೋದಾಮು ಕಾಯುವುದೇ? ವಿಜ್ಞಾನದ ಮನುಷ್ಯ!

ಭಾನುವಾರ ಭಾವ ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಬಂದು ಕೂತರು. ದ್ರಾವಣ ಹೊಡೆದ ಬಿಳಿ ಅಂಗಿ ತೊಟ್ಟ ನ್ಯಾನೋರಾಯ ಪಕ್ಕದಲ್ಲೇ ಕೂತು ಶುರುಮಾಡಿದ. "ಭಾವ, ಇನ್ನು ಒಗೆಯೋದು, ಉಜ್ಜೋದು, ತಿಕ್ಕೋದು ಎಲ್ಲ ಇತಿಹಾಸ!" ಈ ಮೂರರಲ್ಲಿ ಒಂದನ್ನೂ ಅವನು ಜನ್ಮದಲ್ಲಿ ಮಾಡಿದವನಲ್ಲ.

"ಭಾಷಣ ಸಾಕು, ತೋರಿಸಪ್ಪ."

ಆರಿದ ಕಾಫಿಯನ್ನು ಅವನು ಎದೆಯ ಮೇಲೆ ಸುರಿದುಕೊಂಡ. ಕಾಫಿ ಮಣಿಮಣಿಯಾಗಿ ಉರುಳಿತು, ಹೊಟ್ಟೆಯ ಜಾರುಬಂಡೆ ಇಳಿದು ಭಾವನ ಪ್ಯಾಂಟಿಗೆ ಹಾರಿತು, ಅಲ್ಲಿಂದ ನೆಲಕ್ಕೆ. ಅಂಗಿ ಮಾತ್ರ ಹಾಲಿನಂತೆ ಬೆಳ್ಳಗೇ ಉಳಿಯಿತು.

"ನೋಡಿದ್ರಾ! ಒಂದು ಹನಿ ಅಂಟಿಲ್ಲ!"

"ನಿನಗೆ ಅಂಟಿಲ್ಲ," ಎಂದು ಭಾವ ಎದ್ದು ನಿಂತರು. "ನನ್ನ ಗಿರಾಕಿಯ ಸೋಫಾದಿಂದ ಜಾರಿದ್ದೂ ಇನ್ನೊಬ್ಬರ ಮೈಮೇಲೇ ತಾನೆ ಬೀಳೋದು? ಬೈಸ್ಕೊಳ್ಳೋನು ನಾನು. ಬೇಡಪ್ಪ. ನಾಳೆ ಗೋದಾಮಿಗೆ ಬಾ."

ಒರೆಸುವ ಬಟ್ಟೆ ಹಿಡಿದು ಬಂದ ಹೆಂಡತಿ ಎಂದಿನಂತೆ ಬಗ್ಗಲು ಹೋದವಳು ಅರ್ಧಕ್ಕೇ ನಿಂತಳು. "ಇಷ್ಟು ವರ್ಷ ನಿಮ್ಮಿಂದ ಜಾರಿದ್ದೆಲ್ಲ ನಾನೇ ಒರೆಸಿದ್ದು," ಎಂದು ಬಟ್ಟೆಯನ್ನು ಅವನ ಮಡಿಲಿಗೆ ಹಾಕಿದಳು.

ವಿಜ್ಞಾನದ ಮನುಷ್ಯ ಮಂಡಿಯೂರಿದ. ಒರೆಸಿದ, ಮತ್ತೆ ಒರೆಸಿದ. ಕಾಫಿ ಈ ಮೂಲೆಯಿಂದ ಆ ಮೂಲೆಗೆ ಓಡಿತು, ಬಟ್ಟೆ ಮಾತ್ರ ಹನಿಯನ್ನೂ ಹೀರಲಿಲ್ಲ.

"ಇದೇನೇ ಇದು, ಹೀರ್ತಾನೇ ಇಲ್ಲ?"

"ಹೋದ ವಾರ ಪ್ರಯೋಗ ಅಂತ ಅದಕ್ಕೂ ಹೊಡೆದ್ರಲ್ಲ," ಎಂದಳು ಹೆಂಡತಿ. "ಒರೆಸಿ, ಒರೆಸಿ. ನಾಳೆ ಬೆಳಿಗ್ಗೆವರೆಗೂ ಟೈಮಿದೆ."