ಸುಣ್ಣ ಬಳಿದ ಅಡಗುಗುಂಡಿ

ಬಾಡಿಗೆಗೆ ಹಿಡಿದ ಗುಂಡಿಗೆ ಯಾರಾದರೂ ಸುಣ್ಣ ಬಳಿದದ್ದನ್ನು ನೀವು ಕೇಳಿದ್ದೀರಾ? ಒಮಾನಿನ ಸಲಾಲಾದಲ್ಲಿ ನನ್ನ ಗುಂಡಿಗೆ ಬಳಿದರು. ಗೌರವದಿಂದ ಬಳಿದದ್ದು ಎಂದೂ ಹೇಳಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಯಾಕೆ ಇಳಿಯಬೇಕು ಎಂಬುದೂ ನನಗೆ ಗೊತ್ತಾಗುವುದಿಲ್ಲ.

ಮೊದಲು ಗುಂಡಿಯ ವಿಷಯ ಹೇಳುತ್ತೇನೆ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಬಾತುಗಳೂ ಹೆಬ್ಬಾತುಗಳೂ ಸಲಾಲಾದ ಕಡಲತೀರಕ್ಕೆ ಬರುತ್ತವೆ. ಪೇಟೆಯಿಂದ ಆಚೆ, ಹಿನ್ನೀರಿಗೆ ತಾಗಿದಂತೆ ಒಂದು ತೋಟವಿದೆ. ತೆಂಗು, ಬಾಳೆ, ಪಪ್ಪಾಯಿ, ಅವುಗಳಾಚೆ ದನ ಒಂಟೆಗಳಿಗೆ ಬೆಳೆಸುವ ಮೇವಿನ ಹುಲ್ಲು. ಹುಲ್ಲು ಮುಗಿಯುವಲ್ಲಿ ತಗ್ಗು, ತಗ್ಗಿನಲ್ಲಿ ನೀರು, ನೀರಿನ ಸುತ್ತ ಜೊಂಡು. ಬೇರೆ ದೇಶಗಳಲ್ಲಿ ಇಂಥ ಜಾಗದಲ್ಲಿ ಗುಂಡಿ ತೋಡಿ, ಅದನ್ನು ಬಾಡಿಗೆಗೆ ಕೊಟ್ಟು, ಒಳಗೆ ಅಡಗಿ ಕುಳಿತು ಬಾತುಗಳನ್ನು ಹೊಡೆಯುತ್ತಾರಂತೆ. ಇಲ್ಲಿ ಹಾಗೆಲ್ಲ ಗುಂಡು ಹಾರಿಸುವಂತಿಲ್ಲ, ನನಗೆ ಅದರ ಆಸೆಯೂ ಇಲ್ಲ. ನನ್ನ ಬಳಿ ಇದ್ದದ್ದು ಒಂದು ದುರ್ಬೀನು ಮತ್ತು ಮಗಳು ಕೊಡಿಸಿದ ಕ್ಯಾಮೆರಾ. ಆದರೆ ಬರೀ ನೋಡುವವರಿಗೂ ಗುಂಡಿಯೇ ಬೇಕು. ಬಯಲಿನಲ್ಲಿ ನಿಂತ ಮನುಷ್ಯನನ್ನು ಹೆಬ್ಬಾತು ಬಹಳ ದೂರದಿಂದಲೇ ಗುರುತಿಸುತ್ತದೆ. ನೆಲದ ಮಟ್ಟಕ್ಕೆ ಕಣ್ಣು ಬರುವಂತೆ ನೆಲದೊಳಗೆ ಕುಳಿತವರನ್ನು ಅದು ಗುರುತಿಸುವುದಿಲ್ಲ.

ಆ ತೋಟವನ್ನು ನಡೆಸುವವರು ಮಂಗಳೂರು ಕಡೆಯ ಒಬ್ಬ ಬ್ಯಾರಿ. ರಸ್ತೆ ಬದಿಯಲ್ಲಿ ಅವರದೇ ಎಳನೀರು, ಬಾಳೆಹಣ್ಣಿನ ಅಂಗಡಿಯೂ ಉಂಟು. ಜಮೀನಿನ ಯಜಮಾನ ಒಬ್ಬ ವಯಸ್ಸಾದ ಒಮಾನಿ. ಎಲ್ಲರಿಗೂ ಅವರು ‘ಅರ್ಬಾಬ್’. ನಾನು ಅದೇ ಊರಿನ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿ ಕೂದಲು ಬೆಳ್ಳಗಾಗುವವರೆಗೆ ಕೆಲಸ ಮಾಡಿದವಳು. ನಿವೃತ್ತಿಯಾದ ಮೇಲೆ ಮಗಳ ಮನೆಯಲ್ಲಿದ್ದೆ. ಬ್ಯಾರಿಯ ಹೆಂಡತಿಗೆ ಸಿಸೇರಿಯನ್ ಆದ ದಿನ ಥಿಯೇಟರಿನಲ್ಲಿ ಇದ್ದವಳು ನಾನೇ. ಹಾಗಾಗಿ ಅವರಿಗೆ ನಾನು ಸಿಸ್ಟರಮ್ಮ.

ಬಾಡಿಗೆಯ ಮಾತು ಖಾವಾ ಕಾಫಿ ಮತ್ತು ಖರ್ಜೂರದ ಮುಂದೆ ಆಯಿತು. ಅರ್ಬಾಬ್‌ಗೆ ನಗು ತಡೆಯಲಾಗಲಿಲ್ಲ. “ಹಿಡಿಯುವುದಿಲ್ಲ, ತಿನ್ನುವುದಿಲ್ಲ, ಬರೀ ನೋಡುವುದಾ?” ಎಂದು ಅರಬ್ಬಿಯಲ್ಲಿ ಮತ್ತೆ ಮತ್ತೆ ಕೇಳಿದರು. ನೋಡುವುದೇ ಎಂದೆ. ಬಾತುಗಳು ಬಂದಲ್ಲಿಂದ ಹೋಗುವವರೆಗೆ ಗುಂಡಿ ನನ್ನದು. ನನ್ನನ್ನು ಬಿಟ್ಟು ಬೇರೆ ಯಾರೂ ಅದರೊಳಗೆ ಇಳಿಯಬಾರದು. ಸುತ್ತಲಿನ ಜೊಂಡು ಕಡಿಯಬಾರದು. ಅಲ್ಲಿರುವುದು ಯಾವುದೂ ಬದಲಾಗಬಾರದು. ಈ ಮಾತುಗಳನ್ನು ನಾನು ಅರಬ್ಬಿಯಲ್ಲೂ ಹೇಳಿದೆ, ಕನ್ನಡದಲ್ಲೂ ಹೇಳಿದೆ. ಅರ್ಬಾಬ್ “ಖಲಾಸ್, ಆಯಿತು” ಎಂದರು. ಬ್ಯಾರಿ “ನೀವು ಹೇಳಿದ ಹಾಗೆ ಸಿಸ್ಟರಮ್ಮ” ಎಂದರು.

ಗುಂಡಿ ನಾನೇ ನಿಂತು ಮಾಡಿಸಿದ್ದು. ಸೊಂಟದಷ್ಟು ಆಳ. ಮಣ್ಣು ಕುಸಿಯದಂತೆ ಬದಿಗಳಿಗೆ ತೆಂಗಿನ ಮರದ ತುಂಡುಗಳು. ಮೇಲೆ ತೆಂಗಿನ ಗರಿಯ ಮಡಲು, ಮಡಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಒಣಹುಲ್ಲು. ಕೂರಲು ಒಂದು ಗಿಡ್ಡ ಮಣೆ. ಮುಂದೆ ಕೈಯಗಲದ ಕಿಂಡಿ. ಹೊಸ ಮಡಲು ಒಣಗಿ ನೆಲದ ಬಣ್ಣಕ್ಕೆ ಬರುವವರೆಗೆ ನಾನು ಅದರ ಹತ್ತಿರವೂ ಸುಳಿಯಲಿಲ್ಲ. ಆಮೇಲೆ ದಿನಾ ಬೆಳಕು ಹರಿಯುವ ಮೊದಲು ಇಳಿಯುವುದು, ಹಕ್ಕಿಗಳು ತಾವಾಗಿ ಎದ್ದು ಹೋದ ಮೇಲೆಯೇ ಹತ್ತುವುದು. ಒಂದು ದಿನವೂ ಇದು ತಪ್ಪಲಿಲ್ಲ. ಥಿಯೇಟರಿನಲ್ಲಿ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ ಕತ್ತರಿ, ಇಕ್ಕಳ ಜೋಡಿಸಿದ ಮೇಲೆ ಅದರತ್ತ ಇನ್ನೊಬ್ಬರ ಕೈ ಬರಬಾರದು. ಬಂದರೆ ಎಲ್ಲವನ್ನೂ ತೆಗೆದು ಮೊದಲಿನಿಂದ ಜೋಡಿಸಬೇಕು. ಆ ಶಿಸ್ತಿನಲ್ಲಿ ಬೆಳೆದ ಕೈ ನನ್ನದು.

ಸಲಿಕೆಯಂಥ ಕೊಕ್ಕಿನ ಬಾತುಗಳು ಮೊದಲು ಬಂದವು. ಅವಕ್ಕೆ ನಾಚಿಕೆ ಇಲ್ಲ, ನೀರಿಗೆ ಬಾಯಿ ಹಾಕಿದರೆ ಲೋಕ ಮರೆಯುತ್ತವೆ. ಸೂಜಿಬಾಲದ ಬಾತುಗಳು ಆಮೇಲೆ ಬಂದವು. ಕೊನೆಗೆ ಹೆಬ್ಬಾತುಗಳು. ಬೂದು ಬಣ್ಣ, ಭಾರದ ಮೈ. ಒಂದು ಮೇಯುವಾಗ ಇನ್ನೊಂದು ಕತ್ತು ನೆಟ್ಟಗೆ ಮಾಡಿ ಕಾವಲು ನಿಲ್ಲುತ್ತದೆ. ಒಂಟೆ ಬಂದರೆ ಅದು ಲೆಕ್ಕಕ್ಕಿಲ್ಲ, ಮನುಷ್ಯನ ಕೆಮ್ಮು ಕೇಳಿದರೆ ಸಾಕು, ಇಡೀ ಗುಂಪು ಮೇಲೆ. ಮೊದಲು ಹುಲ್ಲುಗದ್ದೆಯ ಆ ತುದಿಯಲ್ಲಿ ಮೇಯುತ್ತಿದ್ದವು. ದಿನ ಹೋದಂತೆ ಹುಲ್ಲು ಸವರುತ್ತ ನನ್ನತ್ತ ಸರಿದವು. ಇನ್ನು ಸ್ವಲ್ಪ ದಿನ ಹೀಗೇ ನಡೆದರೆ ಕಿಂಡಿಯ ಮುಂದೆಯೇ ಬರುತ್ತವೆ ಎಂದು ನನಗೆ ಖಚಿತವಾಗಿತ್ತು. ಹೆಬ್ಬಾತಿನ ಕಣ್ಣನ್ನು ದುರ್ಬೀನಿಲ್ಲದೆ ನೋಡಬೇಕು, ನನಗೆ ಬೇಕಾದದ್ದು ಅಷ್ಟೇ.

ಅವಸರಕ್ಕೆ ಕಾರಣವಿತ್ತು. ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ಅಳಿಯನಿಗೆ ಮಸ್ಕತ್ತಿಗೆ ವರ್ಗವಾಗಿತ್ತು. ಆ ಚಳಿಗಾಲ ಮುಗಿಯುವ ಮೊದಲೇ ನಾವು ಸಲಾಲಾ ಬಿಡಬೇಕಿತ್ತು. ನನಗಿದ್ದದ್ದು ಆ ಒಂದೇ ಋತು. ಅದು ಬ್ಯಾರಿಗೂ ಗೊತ್ತಿತ್ತು.

ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ ಮನೆ ನೋಡಲು ಮಗಳು ನನ್ನನ್ನೂ ಕರೆದುಕೊಂಡು ಹೋದಳು. ಅಡುಗೆಮನೆಗೆ ಬೆಳಕು ಸಾಲದು, ಬಚ್ಚಲಿನ ಇಳಿಜಾರು ಸರಿಯಿಲ್ಲ ಎಂದು ನಾನು ಮನೆಗಳನ್ನು ತಿರಸ್ಕರಿಸುತ್ತಿದ್ದ ಆ ಕೆಲವು ದಿನಗಳಲ್ಲೇ ಸಲಾಲಾದಲ್ಲಿ ಕೆಲಸ ನಡೆದುಹೋಗಿತ್ತು.

ಮರಳಿದ ಮರುದಿನ ಬೆಳಗ್ಗೆ ತೋಟಕ್ಕೆ ಹೋದೆ. ಕತ್ತಲಲ್ಲೇ ಏನೋ ಬೆಳ್ಳಗೆ ಕಂಡಿತು. ರಸ್ತೆಯಿಂದ ಗುಂಡಿಯವರೆಗೆ ದಾರಿಯ ಎರಡೂ ಬದಿಗೆ ಕಲ್ಲಿಟ್ಟು ಸುಣ್ಣ ಬಳಿದಿದ್ದರು. ಗುಂಡಿಗೆ ಸಿಮೆಂಟಿನ ಮೆಟ್ಟಿಲು, ಮೆಟ್ಟಿಲ ಅಂಚಿಗೂ ಸುಣ್ಣ. ಮಡಲಿನ ಮಾಡು ಮಾಯ. ಅದರ ಜಾಗದಲ್ಲಿ ನಾಲ್ಕು ಕಂಬ ನೆಟ್ಟು ನೀಲಿ ತಗಡು ಹೊದಿಸಿದ್ದರು. ಒಳಗೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ, ಕಾಲಡಿಗೆ ಕೆಂಪು ಕಂಬಳಿ. ಮುಂದಿನ ಜೊಂಡನ್ನು ನೀರಿನವರೆಗೂ ಬುಡಸಮೇತ ಸವರಿದ್ದರು, ನನಗೆ ಚೆನ್ನಾಗಿ ಕಾಣಲಿ ಎಂದು! ನನಗೆ ನೀರು ಚೆನ್ನಾಗಿಯೇ ಕಂಡಿತು. ನೀರಿನ ಮೇಲೆ ಒಂದು ರೆಕ್ಕೆಯೂ ಇರಲಿಲ್ಲ.

ನಾನು ಆ ಕುರ್ಚಿಯಲ್ಲಿ ಕೂರಲಿಲ್ಲ. ಬ್ಯಾರಿ ಬರುವವರೆಗೆ ಬದುವಿನ ಮೇಲೆ ನಿಂತೇ ಇದ್ದೆ. ಅವರು ಬಂದದ್ದು ಮುಖ ತುಂಬ ನಗುತ್ತ.

“ಹೇಗುಂಟು ಸಿಸ್ಟರಮ್ಮ? ಫಸ್ಟ್ ಕ್ಲಾಸ್ ಅಲ್ವಾ?”

“ಯಾರು ಹೇಳಿದ್ದು ಇದನ್ನು ಮಾಡ್ಲಿಕ್ಕೆ?”

“ಯಾರು ಹೇಳ್ಬೇಕು? ನಾನೇ ಮಾಡ್ಸಿದ್ದು. ನೀವು ಬರುವುದ್ರೊಳಗೆ ಆಗ್ಬೇಕಂತ ಮಸ್ಕತ್ತಿನ ಕಡೆ ರುಸೈಲ್‌ನಿಂದ ತಗಡು ಪರಿಚಯದವರ ಲಾರಿಯಲ್ಲಿ ತರಿಸಿದೆ.”

“ಬ್ಯಾರಿಗಳೇ, ಏನೂ ಬದಲಾಗಬಾರದು ಅಂತ ನಾನು ಹೇಳಿದ್ದೆನಾ ಇಲ್ವಾ?”

“ಹೇಳಿದ್ರಿ. ಹಿರಿಯರು ಹಾಗೆಯೇ ಹೇಳುವುದು, ತೊಂದರೆ ತಗೊಳ್ಬೇಡಿ ಅಂತ. ಹಾಗಂತ ನಾವು ಸುಮ್ಮನೆ ಕೂರ್ಲಿಕ್ಕಾಗ್ತದಾ?”

ನನ್ನ ನಿಬಂಧನೆಯನ್ನು ಅವರು ಸಂಕೋಚ ಎಂದುಕೊಂಡಿದ್ದರು. ಊಟಕ್ಕೆ ಕೂತ ಅತಿಥಿ ಸಾಕು ಸಾಕು ಎಂದಷ್ಟೂ ಬಡಿಸುತ್ತೇವಲ್ಲ, ಹಾಗೆ. ನಮ್ಮ ಕಡೆ ‘ಬೇಡ’ ಎಂಬ ಮಾತಿಗೆ ಬೆಲೆಯೇ ಇಲ್ಲ. ವಯಸ್ಸಾದ ಹೆಂಗಸಿನ ಬಾಯಲ್ಲಿ ಬಂದರಂತೂ ಅದಕ್ಕೆ ‘ಇನ್ನೂ ಸ್ವಲ್ಪ ಹಾಕಿ’ ಎಂದೇ ಅರ್ಥ.

“ತೊಂದರೆ ಅಂತಲ್ಲ ಬ್ಯಾರಿಗಳೇ, ಹಕ್ಕಿ ಬರುವುದಿಲ್ಲ ಅಂತ ಹೇಳಿದ್ದು. ನೋಡಿ, ಎಲ್ಲುಂಟು ಹಕ್ಕಿ?”

“ಬರ್ತದೆ ಬಿಡಿ. ಹಕ್ಕಿಗೆ ಸುಣ್ಣ ಕಂಡ್ರೆ ಎಂತ?”

“ನಿಮ್ಮ ಅಂಗಡಿ ಬಾಗಿಲಲ್ಲಿ ನಾಳೆ ಒಂದು ಸಿಂಹ ಕಟ್ಟಿ ಹಾಕ್ತೇನೆ. ಗಿರಾಕಿ ಬರ್ತಾರಾ ನೋಡುವಾ.”

ಅವರ ನಗು ಆಗ ಆರಿತು. ದನಿ ತಗ್ಗಿಸಿ ಹೇಳಿದರು: “ಸಿಸ್ಟರಮ್ಮ, ಅಂಗಡಿಗೆ ಬಂದವರೆಲ್ಲ ನನ್ನನ್ನು ಕೇಳುವುದು. ಆ ಅಜ್ಜಿಯನ್ನು ದಿನಾ ಕತ್ತಲಲ್ಲಿ ಎಲ್ಲಿಗೆ ಇಳಿಸ್ತೀರಿ ಅಂತ. ಮೇಲೆ ಮಡಲು, ಅದರ ಮೇಲೆ ಮಣ್ಣು. ನೋಡಿದವರಿಗೆ ಕಬರಿನ ಹಾಗೆ ಕಾಣ್ತದೆ. ನನ್ನ ಉಮ್ಮನ ಪ್ರಾಯ ನಿಮಗೆ. ನನ್ನ ಉಮ್ಮ ಹಾಗೆ ಮಣ್ಣಿನಡಿಗೆ ಇಳಿದ್ರೆ ನಾನು ನೋಡ್ತಾ ನಿಲ್ಲುವುದಾ?”

ಇದಕ್ಕೆ ಒಳ್ಳೆಯ ಹೆಂಗಸಾದರೆ ಕರಗಬೇಕಿತ್ತು ಎಂದು ಮಗಳು ಆಮೇಲೆ ಹೇಳಿದಳು. ನಾನು ಕರಗಲಿಲ್ಲ. ಅವರ ಮನಸ್ಸು ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಿರಿಯರ ಮಾತನ್ನು ಕೇಳುವುದಕ್ಕಿಂತ ಹಿರಿಯರಿಗೆ ಕುರ್ಚಿ ಹಾಕುವುದು ಸುಲಭ, ನಮ್ಮವರು ಯಾವಾಗಲೂ ಸುಲಭದ್ದನ್ನೇ ಮಾಡುತ್ತಾರೆ. ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ, ಫ್ಯಾನಿನ ಗಾಳಿ ಬೇಡವೆಂದರೂ ಫ್ಯಾನ್ ತಿರುಗಿಸುತ್ತಾರೆ, ಕಾಲಿಗೆ ಬೀಳುತ್ತಾರೆ. ನಾನು ಹೇಳಿದ ಒಂದು ಮಾತು ಮಾತ್ರ ಅವರ ಕಿವಿಯೊಳಗೆ ಹೋಗುವುದಿಲ್ಲ. ಮಣ್ಣಿನಡಿಗೆ ಇಳಿಯುವುದು ನನ್ನ ಇಷ್ಟವಾಗಿತ್ತು. ನೋಡುವವರಿಗೆ ಅದು ಏನಾಗಿ ಕಂಡರೆ ನನಗೇನು?

“ನಿಮ್ಮ ಉಮ್ಮ ಬೇಡ ಅಂದ್ರೆ ನೀವು ಕೇಳ್ತೀರಾ?” ಎಂದೆ.

“ಅವರು ಬೇಡ ಅನ್ನುವುದೇ ಇಲ್ಲ.”

“ಅಂದಿರ್ತಾರೆ. ನಿಮಗೆ ಕೇಳಿಸಿರುವುದಿಲ್ಲ.”

ಅಷ್ಟರಲ್ಲಿ ಅರ್ಬಾಬ್ ತಮ್ಮ ಪಿಕಪ್ಪಿನಲ್ಲಿ ಬಂದರು. ನೀಲಿ ತಗಡನ್ನು ನೋಡಿ, ಕೆಳಗಿಳಿದು ಕುರ್ಚಿಯಲ್ಲಿ ಕುಳಿತು, ಬರಿದಾದ ನೀರನ್ನು ನೋಡಿದರು. “ಮಜ್ಲಿಸ್ ಚಾವಡಿ ಚೆನ್ನಾಗಿದೆ. ಅತಿಥಿಗಳು ಎಲ್ಲಿ?” ಎಂದು ಬ್ಯಾರಿಯನ್ನು ಕೇಳಿದರು. ಬಾಡಿಗೆ ವಾಪಸು ಕೊಡಿಸಲೇ ಎಂದು ಅರ್ಬಾಬ್ ನನ್ನನ್ನು ಕೇಳಿದರು. ನನಗೆ ಇನ್ನೂ ಸಿಟ್ಟು ಬಂತು. “ಬಾಡಿಗೆ ಬೇಡ, ಗುಂಡಿ ಬೇಕು” ಎಂದೆ. ಅವರು ಎದ್ದು ಬ್ಯಾರಿಯತ್ತ ಕೈ ಬೀಸಿ “ಯಲ್ಲಾ, ಶುರುಮಾಡು” ಎಂದಷ್ಟೇ ಹೇಳಿ ಹೊರಟರು.

ಅಂದೇ ತಗಡು ಇಳಿಯಿತು. ಕಂಬ ಕಿತ್ತರು. ಮೆಟ್ಟಿಲನ್ನು ಒಡೆದರು. ಸುಣ್ಣದ ಕಲ್ಲುಗಳನ್ನು ಹೊತ್ತು ಹಾಕಿ, ನೆಲಕ್ಕೆ ಬಿದ್ದ ಸುಣ್ಣದ ಮೇಲೆ ಸಗಣಿ ನೀರು ಹುಯ್ದರು. ನಾನು ಬದುವಿನ ಮೇಲೆ ನಿಂತು ಒಂದೊಂದನ್ನೂ ಹೇಳಿ ಮಾಡಿಸಿದೆ. ಆದರೆ ಕಡಿದ ಜೊಂಡನ್ನು ಯಾರ ಆಜ್ಞೆಯೂ ಬೆಳೆಸುವುದಿಲ್ಲ. ಮಾಡಿಗೆ ಮತ್ತೆ ಹೊದಿಸಿದ ಹೊಸ ಮಡಲು ಹಸಿರಾಗಿಯೇ ಇತ್ತು. ನನಗೆ ಉಳಿದ ದಿನಗಳಲ್ಲಿ ಅದು ಒಣಗುವಂತಿರಲಿಲ್ಲ.

ಆದರೂ ದಿನಾ ಇಳಿದೆ. ಸಲಿಕೆ ಕೊಕ್ಕಿನವು ಮರಳಿದವು. ಹೆಬ್ಬಾತುಗಳು ಗದ್ದೆಯ ಆ ತುದಿಯಲ್ಲಿ ಇಳಿದು, ನನ್ನ ಕಡೆ ಕತ್ತು ನೆಟ್ಟಗೆ ಮಾಡಿ, ಇತ್ತ ಒಂದು ಹೆಜ್ಜೆಯನ್ನೂ ಹಾಕದೆ ಮೇಯ್ದು ಎದ್ದವು. ಕೊನೆಯ ಬೆಳಗ್ಗೆಯೂ ಅಷ್ಟೇ. ನಾವು ಗಂಟುಮೂಟೆ ಕಟ್ಟಿ ಮಸ್ಕತ್ತಿಗೆ ಬಂದೆವು. ಹೊರಡುವಾಗ ಬ್ಯಾರಿ ಒಂದು ಚೀಲ ತೆಂಗಿನಕಾಯಿ ತಂದಿಟ್ಟರು. ತೆಗೆದುಕೊಂಡೆ.

ಅಲ್ ಮವಾಲೇಹ್‌ನ ಮನೆಯಲ್ಲಿ ಇನ್ನೂ ಪಾತ್ರೆಗಳ ಪೆಟ್ಟಿಗೆ ಬಿಚ್ಚುತ್ತಿದ್ದೆವು. ಒಂದು ಬೆಳಗ್ಗೆ ಫೋನ್ ಬಂತು. ಆ ಕಡೆಯಿಂದ ಪಿಸುದನಿ.

“ಸಿಸ್ಟರಮ್ಮ… ನಾನು.”

“ಯಾಕೆ ಹೀಗೆ ಮಾತಾಡ್ತೀರಿ? ಗಂಟಲಿಗೆ ಎಂತಾಯ್ತು?”

“ಗುಂಡಿಯಲ್ಲಿದ್ದೇನೆ. ಮಡಲು ಒಣಗಿತು. ನೀವು ಹೇಳಿದ ಹಾಗೆ ಕತ್ತಲಲ್ಲೇ ಇಳಿದೆ. ಬಂದಿದೆ, ಎಲ್ಲ ಇಲ್ಲೇ ಬಂದಿದೆ. ಕೈ ಚಾಚಿದ್ರೆ ಸಿಗ್ತದೆ.”

ನನ್ನ ಕೈಯಲ್ಲಿದ್ದ ಸಾರಿನ ಸೌಟನ್ನು ಕೆಳಗಿಟ್ಟೆ. ನನ್ನ ಋತು ಇನ್ನೂ ಮುಗಿದಿರಲಿಲ್ಲ. ಬಾತುಗಳು ಹೋಗುವವರೆಗೆ ಗುಂಡಿ ನನ್ನದು, ಬೇರೆ ಯಾರೂ ಇಳಿಯಬಾರದು ಎಂದಿದ್ದೆ. ಆ ಮಾತನ್ನೂ ಮುರಿದಿದ್ದರು. ಬೈಯಲು ಬಾಯಿ ತೆರೆದೆ. ಬೈದರೆ ಫೋನಿನ ದನಿಗೆ ಹಕ್ಕಿಗಳು ಏಳುತ್ತಿದ್ದವು.

“ಮಾತಾಡ್ಬೇಡಿ. ಅಲ್ಲಾಡ್ಬೇಡಿ. ಅವು ಹೋಗುವವರೆಗೆ ಏಳ್ಬೇಡಿ,” ಎಂದೆ, ನಾನೂ ಪಿಸುದನಿಯಲ್ಲೇ.

“ಅಂಗಡಿ ತೆರೀಬೇಕು ಸಿಸ್ಟರಮ್ಮ…”

“ಏಳ್ಬೇಡಿ ಅಂದೆ.”

ಈ ಸಲ ಅವರಿಗೆ ಕೇಳಿಸಿತು. ಫೋನನ್ನು ಕಿಂಡಿಯ ಹತ್ತಿರ ಇಟ್ಟಿರಬೇಕು. ಹುಲ್ಲು ಹರಿಯುವ ಸದ್ದು ಬಂತು, ಗಟ್ಟಿಯಾಗಿ, ಅವಸರವಿಲ್ಲದೆ. ನಡುವೆ ಒಂದು ಹೆಬ್ಬಾತು ಗಂಟಲೊಳಗೇ ಏನೋ ಗೊಣಗಿತು. ಮಗಳು ಯಾರದು ಫೋನ್ ಎಂದು ಕೇಳಿದಳು. ಸುಮ್ಮನಿರು ಎಂದು ಕೈ ಮಾಡಿದೆ. ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನಾನು ನೋಡಬೇಕಾಗಿದ್ದದ್ದನ್ನು ಬ್ಯಾರಿ ನೋಡಿದರು, ನನಗೆ ಅದರ ಸದ್ದು ಸಿಕ್ಕಿತು. ಇಷ್ಟಾದರೂ ಸಿಕ್ಕಿತಲ್ಲ ಎಂದು ಮಗಳು ಸಮಾಧಾನ ಹೇಳಿದಳು. ನಾನು ಬಾಡಿಗೆಗೆ ಹಿಡಿದದ್ದು ನೋಡಲಿಕ್ಕೆ.